ಜೊತೆ ಟಿಕೆಟ್ಟಿನ ಜಾಗ

ಹಳಿಯಾಳದ ಬಸ್ಸು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ತೂರಿಸಿ ಸೀಟು ಹಿಡಿಯುವುದು ನಮ್ಮ ದಾಂಡೇಲಿಯವರ ಹಳೆಯ ವಿದ್ಯೆ. ಮುಂಡಗೋಡದಲ್ಲಿ ಸಂತೆಯ ದಿನ ನೋಡಬೇಕು: ಟವೆಲ್ಲು, ಚೀಲ, ಒಮ್ಮೊಮ್ಮೆ ಒಂಟಿ ಚಪ್ಪಲಿ ಕೂಡ ಯಜಮಾನರ ಪ್ರತಿನಿಧಿಯಾಗಿ ಗಂಭೀರವಾಗಿ ಆಸೀನವಾಗಿರುತ್ತದೆ, ಅದನ್ನು ಸರಿಸುವ ಧೈರ್ಯ ಕಂಡಕ್ಟರಿಗೂ ಇಲ್ಲ. ಎಲ್ಲೂ ಬರೆದಿಡದ ಈ ಒಪ್ಪಂದವನ್ನು ಯಾರೂ ಮುರಿಯುವುದಿಲ್ಲ. ಅಚ್ಚು ಹಾಕಿದ ಟಿಕೆಟ್ಟಿಗೆ ಅಷ್ಟು ಬೆಲೆಯಿಲ್ಲವೆಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಮೊದಲ ಬಾರಿ ವಿಮಾನ ಹತ್ತಲು ಹೋದಾಗ.

ಮುಂಬಯಿಯಲ್ಲಿ ನನ್ನ ಹೆಂಡತಿಯ ಅಕ್ಕನಿಗೆ ಮರುದಿನ ಬೆಳಿಗ್ಗೆ ಹೃದಯದ ಆಪರೇಶನ್. ತಂಗಿಯ ಮುಖ ನೋಡದೆ ಒಳಗೆ ಹೋಗುವುದಿಲ್ಲವೆಂದು ಅವರು ಹಟ ಹಿಡಿದಿದ್ದರು. ರೈಲಿನಲ್ಲಿ ಹೋದರೆ ಹೊತ್ತು ಮೀರುತ್ತಿತ್ತು. ನಮ್ಮೂರ ಬಂಗೂರನಗರದ ಟಿಕೆಟ್ ಏಜೆಂಟರು ಗೋವಾದಿಂದ ವಿಮಾನದ ಏರ್ಪಾಟು ಮಾಡಿದರು: ಒಂದು ಟಿಕೆಟ್ ಕೊಂಡರೆ ಜೊತೆಗಾರರಿಗೆ ಇನ್ನೊಂದು ಪುಕ್ಕಟೆ. ಮುಖ್ಯ ಟಿಕೆಟ್ ಯಾರ ಹೆಸರಿಗೆ ಎಂದು ಅವರು ಕೇಳಿದಾಗ, ರೇಷನ್ ಕಾರ್ಡಿನಿಂದ ಹಿಡಿದು ಎಲ್ಲೆಡೆ ಮೊದಲ ಸಾಲಿನಲ್ಲೇ ಇದ್ದು ರೂಢಿಯಾದ ನಾನು ಕ್ಷಣವೂ ಯೋಚಿಸದೆ ನನ್ನ ಹೆಸರನ್ನು ಹೇಳಿದೆ.

ಕಾಗದ ಕಾರ್ಖಾನೆಯೊಂದರ ಹಾಜರಿ ಹಿಡಿಯುವ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ, ಪಾಳಿಯ ಸೈರನ್ನಾದ ಭೋಂಗಾದ ಸದ್ದು ನಿಂತ ಕೂಡಲೇ ಗೇಟು ಹಾಕಿಸಿದವನು ನಾನು. ಆದ್ದರಿಂದ ವಿಮಾನಕ್ಕೂ ಮೂರು ತಾಸು ಮೊದಲೇ ಹಾಜರಾದೆವು. ನಮ್ಮ ಮಾತು ಕೇಳಿ ಕೌಂಟರಿನ ತರುಣ ತಾನೂ ಹಳಿಯಾಳದವನೆಂದು ಹಿಗ್ಗಿದ. ನನ್ನ ಚೀಲವನ್ನು ತೂಕಕ್ಕಿಟ್ಟು ಟಿಕೆಟ್ ನೋಡಿದವನೇ ಮುಖ ಸಣ್ಣದು ಮಾಡಿದ.

“ಕಾಕಾ, ನಿಮಗ ಸೀಟ್ ಐತ್ರಿ. ಕಾಕೂಂದು ಜೊತೀ ಟಿಕೆಟ್. ಯಾರರ ಬರ್ಲಿಲ್ಲಂದ್ರ ಅಷ್ಟ ಜಾಗಾ.”

“ಹಂಗಾರ ನನ್ನ ಸೀಟಿನ್ಯಾಗ ಆಕೀನ್ನ ಕಳಿಸ್ರಿ. ನಾ ಇಲ್ಲೇ ಇರ್ತೇನಿ.”

“ನೀವು ಹೋಗ್ಲಿಲ್ಲಂದ್ರ ಅವರು ಯಾರ ಜೊತೀರಿ? ಆ ಟಿಕೆಟ್ಟೂ ರದ್ದಾಗ್ತೈತಿ.”

ಅಂದರೆ, ಅಲ್ಲಿ ಯಾವ ಕೆಲಸವೂ ಇಲ್ಲದ ನಾನು ನಿಶ್ಚಿಂತೆಯಿಂದ ಹಾರಬಹುದು. ಯಾರಿಗಾಗಿ ಈ ಪ್ರಯಾಣವೋ ಆಕೆ ಮಾತ್ರ ಹಾರಲಾಗದು.

“ಅಕ್ಕ ನನ್ನಾಕಿ, ಸೀಟು ನಿಮ್ಮದು,” ಎಂದಳು ಹೆಂಡತಿ. “ಹೋಗಿ ಆಕೀ ಕೈ ನೀವ ಹಿಡ್ಕೊಂಡು ಕುಂದರ್ರಿ.”

ಹಾಗೆಂದವಳೇ ನನ್ನ ಹೆಗಲ ಟವೆಲ್ ಎಳೆದು, “ಮೊದಲ ಬಂದವ್ರು ನಾವು, ಇದನ್ನ ಹಾಕೇನಿ ನೋಡ್ಪಾ,” ಎಂದು ನನ್ನ ಚೀಲದ ಪಕ್ಕಕ್ಕೆ ಹಾಸಿದಳು. ಅಷ್ಟರಲ್ಲಿ ಸಾಮಾನು ಸಾಗಿಸುವ ಪಟ್ಟಿ ಸರಿಯಿತು. ಚೀಲದ ಬೆನ್ನಿಗೆ ಟವೆಲ್ಲೂ ರಬ್ಬರಿನ ಪರದೆಯ ಆಚೆ ಮಾಯವಾಯಿತು.

“ಟವೆಲ್ಲಿಗೆ ಜಾಗಾ ಸಿಕ್ತು,” ಎಂದಳು.

ಆಮೇಲಿನ ಎರಡೂವರೆ ತಾಸು ನಾನು ಬಾಗಿಲಿಗೆ ಮುಖಮಾಡಿ ನಿಂತೆ. ತಡವಾಗಿ ಬರುವವರನ್ನು ಬದುಕಿಡೀ ತಿರಸ್ಕರಿಸಿದ ನಾನು, ಯಾರಾದರೂ ಒಬ್ಬರು ತಡಮಾಡಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ. ಸಮಯಕ್ಕೆ ಸರಿಯಾಗಿ ಒಳಬರುವ ಒಬ್ಬೊಬ್ಬರೂ ಶಿಸ್ತುಗೇಡಿಗಳಂತೆ ಕಂಡರು. ಟ್ರಾಫಿಕ್ಕು, ಪಂಕ್ಚರು, ಮರೆತ ಕನ್ನಡಕ ಮುಂತಾದ, ಹಿಂದೆ ನಾನು ಎಂದೂ ನಂಬದಿದ್ದ ಸಕಲ ಕಾರಣಗಳನ್ನೂ ಆ ದಿನ ಭಕ್ತಿಯಿಂದ ಸ್ಮರಿಸಿದೆ.

ಕೊನೆಗೆ ತರುಣ ಕೈಮಾಡಿ ಕರೆದ. ಒಬ್ಬರು ಬಂದಿರಲಿಲ್ಲ. ಹೆಂಡತಿಯ ಕೈಗೆ ಬೋರ್ಡಿಂಗ್ ಪಾಸ್ ಬಂದ ಮರುಗಳಿಗೆಯೇ ಒಬ್ಬರು ಏದುಸಿರು ಬಿಡುತ್ತ ಕೌಂಟರಿಗೆ ಬಂದು ಬಿದ್ದರು. “ಎರಡ ನಿಮಿಷ ಲೇಟ್ ಆಗೇತ್ರಿ ಸಾಹೇಬ್ರ, ಎರಡ ನಿಮಿಷ.”

ಮೂವತ್ತು ವರ್ಷ ನನ್ನ ಕಿಟಕಿಯ ಮುಂದೆ ಕೇಳಿದ ಮಾತು. ಅದಕ್ಕೆ “ನಿಮಿಷ ಅಂದ್ರ ನಿಮಿಷ” ಎನ್ನುವ ಉತ್ತರ ನನ್ನಲ್ಲಿ ಸದಾ ಸಿದ್ಧವಿರುತ್ತಿತ್ತು. ಆ ದಿನ ಮಾತ್ರ ಹೆಂಡತಿಯ ಕೈ ಹಿಡಿದು, ಹಿಂದೆ ನೋಡುವ ಧೈರ್ಯವಿಲ್ಲದೆ, ಕಳ್ಳನಂತೆ ಸರಸರ ನಡೆದುಬಿಟ್ಟೆ.

ಮುಂಬಯಿಯಲ್ಲಿ ಸಾಮಾನಿನ ಪಟ್ಟಿಯ ಮೇಲೆ ಟವೆಲ್ ಒಂಟಿಯಾಗಿ ಸುತ್ತು ಹಾಕುತ್ತ ನಮಗಾಗಿ ಕಾದಿತ್ತು. ಮರುದಿನ ಅಕ್ಕ, “ಬಂದ್ಯಾ?” ಎಂದಷ್ಟೇ ಕೇಳಿ ತಂಗಿಯ ಕೈ ಒತ್ತಿ ಒಳಗೆ ಹೋದರು, ಚೆನ್ನಾಗಿಯೇ ಹೊರಗೆ ಬಂದರು.

ಹಳಿಯಾಳದ ಬಸ್ಸಿಗೆ ಈಗಲೂ ಅದೇ ಟವೆಲ್ ತೂರಿಸುತ್ತೇನೆ. ಆದರೆ ಮೂವರ ಸೀಟಿನ ಉದ್ದಕ್ಕೂ ಹಾಸುತ್ತೇನೆ. ಕಿಟಕಿಯ ಪಕ್ಕ ಹೆಂಡತಿ, ನಡುವೆ ನಾನು. ನಿಂತವರು ಮೂರನೆಯ ಜಾಗವನ್ನು ದುರುಗುಟ್ಟಿ ನೋಡಿ, “ಇಲ್ಲಿ ಯಾರ ಅದಾರ್ರೀ?” ಎನ್ನುತ್ತಾರೆ. ದೂರದಲ್ಲಿ ಯಾರೋ ಒಬ್ಬರು ಚೀಲ ಎದೆಗವಚಿಕೊಂಡು ಬಸ್ಸಿನತ್ತ ಓಡಿ ಬರುತ್ತಿರುತ್ತಾರೆ.

“ನಮ್ಮ ಜೊತೀಯವ್ರು,” ಎನ್ನುತ್ತೇನೆ. “ಬರಾಕತ್ತಾರ, ಸ್ವಲ್ಪ ತಡೀರಿ.”