ಲ್ಯಾಪ್‌ಟಾಪಿನ ಅಂಗಡ್ಯಾಗ ಪಾಳಿ ಹಚ್ಚಿದ್ದು

ಮಳಿ ಸಾಲಾಗಿ ಕೈಕೊಟ್ಟ ವರ್ಷಗಳು ಅವು. ಔರಾದದ ನಮ್ಮ ಓಣ್ಯಾಗ ಅರ್ಧ ಮನಿಗಿ ಕೀಲಿ ಬಿದ್ದಿತ್ತು. ಮಗ, ಸೊಸಿ ಹೈದರಾಬಾದಿಗಿ ಕಟ್ಟಡದ ಕೆಲಸಕ್ಕ ಹೋಗಿದ್ರು. ಮನ್ಯಾಗ ನಾನು, ಮೊಮ್ಮಗಳು, ಇಬ್ಬರೇ. ಆಕಿ ಬೀದರದ ಕಾಲೇಜಿನಾಗ ಡಿಗ್ರಿ ಕಡೀ ವರ್ಷ ಓದ್ಲತ್ತಿದ್ಳು. ನಾ ಮೂರನೇ ಇಯತ್ತೆಗೇ ಸಾಲಿ ಬಿಟ್ಟಾಕಿ. ಆಕಿ ಓದು ನನಗ ತಿಳೀತಿದ್ದಿಲ್ಲ, ನನ್ನ ರೊಟ್ಟಿ ಬಡಿಯೋದು ಆಕಿಗಿ ತಿಳೀತಿದ್ದಿಲ್ಲ. ಹಿಂಗಾಗಿ ಜಗಳ ಕಡಿಮಿ ಇತ್ತು.

ಲ್ಯಾಪ್‌ಟಾಪ್ ಸೊಸಿ ಹೈದರಾಬಾದಿನಿಂದ ತಂದು ಕೊಟ್ಟ ಹಳೇದು. ಒಂದಿನ ಕರೆಂಟ್ ಹೋತು, ಬಂತು, ಮತ್ತ ಹೋತು. ಕಡೀಕ ಬಂದಾಗ ಬಲ್ಬ್ ಹತ್ತಿತು, ಲ್ಯಾಪ್‌ಟಾಪ್ ಹತ್ಲಿಲ್ಲ. ಅದರ ಮಾರಿ ರೊಟ್ಟಿ ಹಂಚಿನ ಬೆನ್ನಿನಂಗ ಕರ್ರಗಾಗಿತ್ತು. ಅದರೊಳಗ ಆಕಿ ಕಾಲೇಜಿಗಂತ ಬರೆದಿಟ್ಟ ಪ್ರಾಜೆಕ್ಟ್ ಇತ್ತು. ಗುಳೇ ಹೋದ ಮನಿಗಳ ಬಗ್ಗೆ ಅಂತ. ಅದನ್ನ ಬರೀಲಕ್ಕ ಆಕಿ ದೂರ ಹೋಗೋದೇನೂ ಬೇಕಾಗಿರ್ಲಿಲ್ಲ, ಓಣ್ಯಾಗ ನಿಂತ್ರ ಸಾಕಾಗಿತ್ತು. ಆ ತಿಂಗಳ ಕಡೀ ಸೋಮವಾರದೊಳಗ ಅದು ಕಾಲೇಜಿಗಿ ಮುಟ್ಟದಿದ್ರ ಪರೀಕ್ಷಿಗಿ ಕೂಡಿಸಂಗಿಲ್ಲ ಅಂದಿದ್ರು.

ಸೊಸಿ ಫೋನಿನಾಗ ಅಂದ್ಳು, "ಪರೀಕ್ಷಿ ತಪ್ಪಿದ್ರ ಅಲ್ಲಿ ಖಾಲಿ ಕೂಡೋದು ಬ್ಯಾಡ, ಇಲ್ಲಿ ಬರಲಿ. ನಮ್ಮ ಗುಂಪಿಗಿ ಅಡಗಿ ಮಾಡಾಕಿ ಬೇಕಾಗ್ಯಾಳ."

ಸಿಟ್ಟಿಲೆ ಅಂದದ್ದಲ್ಲ. ನಮ್ಮ ಓಣ್ಯಾಗಿನ ಎಲ್ಲಾರ ಹೆಣ್ಮಕ್ಕಳೂ ಅಲ್ಲಿಗಿ ಹಂಗೇ ಹೋಗಿದ್ರು. ಹೋದಾಕಿ ತಿರುಗಿ ಬಂದು ಪುಸ್ತಕ ಹಿಡಿದದ್ದು ಮಾತ್ರ ನಾ ಕಂಡಿಲ್ಲ.

ರಿಪೇರಿ ಅಂಗಡಿ ಬೀದರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲ್ಯಾಗ. ಅಂಗಡಿಯವರು ಸಾಬರು, ಗಡ್ಡ ಅರ್ಧ ಬೆಳ್ಳಗಾದವರು, ಬಾಯಿ ಬಲು ಛಲೋ. ಮೊಮ್ಮಗಳು ಕೇಳಿದಾಗೊಮ್ಮೆ "ಆಗ್ತದ ಬೇಟಿ, ನಾಳಿ" ಅಂತಿದ್ರು. ಫೋನ್ ಮಾಡಿದ್ರ "ಪುರ್ಜಾ, ಒಳಗ ಹಾಕೋ ಸಾಮಾನು, ಹೈದರಾಬಾದಿಂದ ಬರ್ಲತ್ತದ" ಅಂತಿದ್ರು. ಹೈದರಾಬಾದಿಗಿ ಹೋದ ಮಂದಿನೇ ಬರ್ಲತ್ತಿಲ್ಲ, ಪುರ್ಜಾ ಯಾಕ ಬರ್ತದ ಅಂತ ನನಗ ಅನಸ್ತು. ಕಡೀ ಸೋಮವಾರದ ಹಿಂದಿನ ಶನಿವಾರ ನಾನೇ ಆಕಿ ಸಂಗಟ ಬಸ್ ಹತ್ತಿದೆ. ಗಿರಣಿಗಿ ಜ್ವಾಳ ಒಯ್ದಾಕಿ ಅಲ್ಲೇ ಕೂತ್ರ ಹಿಟ್ಟು ಆಗ್ತದ. ಇಟ್ಟು ಮನಿಗಿ ಬಂದ್ರ ಜ್ವಾಳ ಜ್ವಾಳಾಗೇ ಇರ್ತದ.

ಕಾಯೋ ಹೊತ್ತು ಖಾಲಿ ಹೋಗಬಾರದಂತ ಒಂದು ಕೈಚೀಲ ತೊಗರಿ ಬ್ಯಾಳಿ, ಒಂದು ಮೊರ ಒಯ್ದಿದ್ದೆ. ಅಂಗಡಿ ಕಟ್ಟಿ ಮ್ಯಾಲ ಕೂತು, ಮೊರದಾಗ ಹಾಕ್ಕೊಂಡು ಹರಳು ಆರಿಸ್ಲಕ್ಕ ಶುರು ಮಾಡಿದೆ. ಮೊಮ್ಮಗಳು ನಾ ಯಾರೋ ಅನ್ನೋ ಹಂಗ ದೂರ ಹೋಗಿ ನಿಂತ್ಳು.

"ಅಮ್ಮಾ, ಇದು ಲ್ಯಾಪ್‌ಟಾಪಿನ ದುಕಾನ್ ರೀ," ಅಂದ್ರು ಅಂಗಡಿಯವರು.

"ನಾ ಲ್ಯಾಪ್‌ಟಾಪಿಗೇ ಬಂದೀನಿ ತಮ್ಮಾ. ಬ್ಯಾಳಿ ನನ್ನ ಸಂಗಟ ಬಂದದ."

ಅಲ್ಲೇ ಭಾಲ್ಕಿಯವರೊಬ್ಬರು ನಿಂತಿದ್ರು. ಊರಾಗ ಮಂದಿಗಿ ಆನ್‌ಲೈನ್ ಅರ್ಜಿ ತುಂಬಿ ಕೊಡೋದು ಅವರ ಕಸುಬು. ಅವರ ಲ್ಯಾಪ್‌ಟಾಪ್ ನಮ್ಮದಕ್ಕಿಂತ ಮೊದಲೇ ಬಂದು ಬಿದ್ದಿತ್ತು.

"ಬೀದರಕ್ಕ ಬಂದು ಬಂದು ಸಾಕಾಗ್ಯದ ಅವ್ವಾರ," ಅಂದ್ರು. "ಅಲ್ಲಿ ಇನ್ನೊಂದು ಸಂಸಾರ ಮಾಡೀರೇನು ಅಂತ ಹೆಂಡ್ತಿ ಕೇಳ್ಲತ್ತಾಳ."

"ನೀವೇನಂದ್ರಿ?"

"ಸಂಸಾರ ಮಾಡಿದ್ರ ಕೂಡ್ಲಕ್ಕ ಒಂದು ಕುರ್ಚಿಯಾದ್ರೂ ಸಿಗ್ತಿತ್ತು ಅಂದೆ."

ಬ್ಯಾಳಿ ಆರಿಸ್ಕೋತ ನೋಡಿದೆ. ಹೊಸಾದು ಬಂದದ್ದನ್ನ ಅಂಗಡಿಯವರು ರಾಶಿ ಮ್ಯಾಲ ಇಡ್ತಿದ್ರು. ಕೆಲಸಕ್ಕ ಕೂತಾಗ ಮ್ಯಾಲಿಂದೇ ತಗೀತಿದ್ರು. ಬುಟ್ಟ್ಯಾಗಿನ ರೊಟ್ಟಿ ಹಂಗ, ಬಿಸೀದು ಮೊದಲು, ಅಡೀಗಿದ್ದದ್ದು ಒಣಗ್ತದ. ನಮ್ಮದು ಅಡೀಗಿತ್ತು. ಅದರ ಅಡೀಗ ಅಷ್ಟೂರ ಹಳ್ಳಿಯವರು ಯಾರದೋ. ಎಲ್ಲಾದರ ಅಡೀಗ ಭಾಲ್ಕಿಯವರದು.

"ತಮ್ಮಾ, ಆ ರಾಶಿ ಬುಡಮ್ಯಾಲ ಮಾಡು," ಅಂದೆ. "ನಮ್ಮ ಓಣಿಗಿ ಟ್ಯಾಂಕರ್ ಬಂದಾಗ ಮೊದಲು ಕೊಡ ಇಟ್ಟಾಕಿಗಿ ಮೊದಲು ನೀರು. ಕಡೀಕ ಬಂದಾಕಿ ಮೊದಲು ಹಿಡಿದ್ರ ಕೊಡಾನೂ ಒಡೀತದ, ತಲೀನೂ ಒಡೀತದ."

ಭಾಲ್ಕಿಯವರು ಹೂಂ ಅಂದ್ರು. ನಿಂತಿದ್ದ ಮತ್ತಿಬ್ಬರು ಮೂವರು ಗೊಣಗಿದ್ರು, ಯಾಕಂದ್ರ ಅವರದು ಮ್ಯಾಲಿತ್ತು. ಅಂಗಡಿಯವರಿಗಿ ನಗಿ ಬಂತೋ ಬ್ಯಾಸರ ಬಂತೋ, ರಾಶಿ ಹೊಳ್ಳಿಸಿದ್ರು. ಅಷ್ಟೂರದವರು ಬಂದಿರ್ಲಿಲ್ಲ. ಕೊಡ ಇಟ್ಟರ ಸಾಲದು, ನೀರು ಬಿಡುವಾಗ ಹತ್ತಿರ ಇರ್ಬೇಕು. ಆ ಕಾಯ್ದೆ ಹೇಳಿ ಅದನ್ನ ನಾನೇ ಬದಿಗಿ ಇಡಿಸಿದೆ. ಹಿಂಗಾಗಿ ಮೊದಲು ಭಾಲ್ಕಿಯವರದು, ಆಮ್ಯಾಲ ನಮ್ಮದು.

ಭಾಲ್ಕಿಯವರದು ಬಿಚ್ಚಿದ್ದು ಮುಗೀಲೇ ಇಲ್ಲ. ಮಧ್ಯಾಹ್ನ ಆತು. ರೊಟ್ಟಿ, ಶೇಂಗಾ ಹಿಂಡಿ ಉಂಡಿವಿ. ಬ್ಯಾಳಿ ಮುಗೀತು. ಬಿಸಲು ಕಟ್ಟಿ ಬಿಟ್ಟು ಆಚಿ ಗ್ವಾಡಿಗಿ ಹೋತು. ಭಾಲ್ಕಿಯವರು ಚಹಾ ಕುಡೀಲಕ್ಕ ಎದ್ದಾಗ ಅಂಗಡಿಯವರು ಸಣ್ಣ ದನಿಲೆ ಅಂದ್ರು, "ಅಮ್ಮಾ, ಇದು ಇವತ್ತ ಮುಗಿಯಂಗ ಕಾಣಲ್ಲ. ನಿಮ್ದು ತಗೀಲೇನು?"

ಮೊಮ್ಮಗಳು ಓಡಿ ಬಂದ್ಳು. "ಆಯಿ, ಹೂಂ ಅನ್ನು."

ಭಾಲ್ಕಿಯವರು ದೂರ ಏನೂ ಹೋಗಿರ್ಲಿಲ್ಲ. ಎದುರಿನ ಹೊಟೇಲಿನಾಗ ಚಹಾದ ಕಪ್-ಬಸಿ ಹಿಡ್ಕೊಂಡು ನಮ್ಮ ಕಡೀನೇ ನೋಡ್ಲತ್ತಿದ್ರು. ಅವರು ಕಣ್ಮರಿ ಇದ್ದಿದ್ರ ನಾ ಹೂಂ ಅಂತಿದ್ದೆ, ಸುಳ್ಳು ಯಾಕ ಹೇಳ್ಲಿ. ಕಂಡದ್ದಕ್ಕ ಅನ್ಲಿಕ್ಕಾಗ್ಲಿಲ್ಲ.

"ಅವರದೇ ಮುಗಸ್ರಿ," ಅಂದೆ.

ಹುಡುಗಿ ಅಲ್ಲೇ, ಗಲ್ಲ್ಯಾಗ, ಎಲ್ಲಾರ ಮುಂದ ಬಾಯಿ ತಗದ್ಳು. "ನಿನಗ ನಿನ್ನ ಪಾಳಿ ದೊಡ್ಡದು. ಸೋಮವಾರ ಪ್ರಾಜೆಕ್ಟ್ ಹೋಗದಿದ್ರ ನಾ ಹೈದರಾಬಾದಿಗಿ ಹೋಗ್ತೇನಿ, ಇಪ್ಪತ್ತು ಮಂದಿಗಿ ರೊಟ್ಟಿ ಬಡಿಯೋ ಪಾಳಿ ನಂದು. ನೀ ಟ್ಯಾಂಕರಿಗಿ ಒಬ್ಬಾಕಿನೇ ಕೊಡ ಹೊರು."

ನಾ ಖಾಲಿ ಮೊರ ಝಾಡಿಸಿದೆ.

ಅಂಗಡಿಯವರು ಕೈಯಾಗಿನ ಸ್ಕ್ರೂಡ್ರೈವರ್ ಕೆಳಗಿಟ್ರು. "ಯಾವ ಪ್ರಾಜೆಕ್ಟ್ ಬೇಟಿ?"

"ಅದರೊಳಗದ."

"ನಿನಗ ಅದರೊಳಗಿಂದು ಬೇಕೋ, ಲ್ಯಾಪ್‌ಟಾಪ್ ಬೇಕೋ?"

ಹುಡುಗಿ ನನ್ನ ಮಾರಿ ನೋಡಿದ್ಳು. ಇಷ್ಟು ದಿನ ನಾವು ರಿಪೇರಿ ಆತೇನು ಅಂತಷ್ಟೇ ಕೇಳಿದ್ದು. ಅವರು ನಾಳಿ ಅಂತಷ್ಟೇ ಹೇಳಿದ್ದು.

"ಕೆಟ್ಟದ್ದು ಸ್ಕ್ರೀನ್ ಒಂದೇ. ಪುರ್ಜಾ ಬರೋದು ಅದಕ್ಕೇ," ಅಂದ್ರು. ನಮ್ಮ ಲ್ಯಾಪ್‌ಟಾಪಿಗಿ ಒಂದು ವೈರ್ ಹಚ್ಚಿ, ಅದರ ಇನ್ನೊಂದು ತುದಿ ಗ್ವಾಡಿ ಮ್ಯಾಲಿನ ಟಿವಿಗಿ ಹಚ್ಚಿದ್ರು. ಆ ಟಿವ್ಯಾಗ ಮುಂಜಾನಿಯಿಂದ ಕ್ರಿಕೆಟ್ ನಡೆದಿತ್ತು. ಕ್ರಿಕೆಟ್ ಹೋಗಿ ಮೊಮ್ಮಗಳ ಬರಹ ಬಂತು, ಒಂದೊಂದು ಅಕ್ಷರ ಹುಣಸಿ ಬೀಜದಷ್ಟು ದೊಡ್ಡದು. ಗಲ್ಲ್ಯಾಗ ಮ್ಯಾಚ್ ನೋಡ್ಕೋತ ನಿಂತವರು ಹಂಗೇ ನಿಂತು ಅದನ್ನೇ ಓದಿದ್ರು. ಒಬ್ಬರು, "ಇದು ನಮ್ಮೂರ ಸುದ್ದಿನೇ ಅದ," ಅಂದ್ರು. ಮತ್ತೊಬ್ಬರು ಸ್ಕೋರ್ ಏನಾಯ್ತು ಅಂತ ಕೇಳಿದ್ರು.

ಹುಡುಗಿ ನಿಂತಲ್ಲೇ ನಿಂತು ಅದನ್ನ ಕಾಲೇಜಿಗಿ ಕಳಿಸಿದ್ಳು. ಮುಟ್ಟ್ಯದ ಅಂತ ಉತ್ತರ ಬಂದದ್ದನ್ನ ಎರಡು ಸಲ ಓದಿದ್ಳು. ಔರಾದದ ಬಸ್ಸಿನಾಗ ಕಿಟಕಿ ಕಡಿ ಮಾರಿ ಮಾಡಿ ಕೂತ್ಳು. ಲ್ಯಾಪ್‌ಟಾಪ್ ಅಂಗಡ್ಯಾಗೇ ಉಳೀತು, ಪುರ್ಜಾ ಬರೋ ತನಕ.

ಮರುದಿನ ಸೊಸಿ ಫೋನ್ ಮಾಡಿದ್ಳು. "ಅತ್ತಿ, ಹುಡುಗಿ ಯಾವಾಗ ಬರ್ತಾಳ?"

"ಬರಂಗಿಲ್ಲ. ಪರೀಕ್ಷಿಗಿ ಕೂಡ್ತಾಳ."

ಫೋನಿನಾಗ ಆಕಿ ಹಿಂದ ಎಲ್ಲೋ ಸಿಮೆಂಟ್ ಕಲಸೋ ಮಿಷನ್ ತಿರಗ್ಲತ್ತಿತ್ತು.

"ಮತ್ತ ಇಲ್ಲಿ ಅಡಗಿ ಯಾರು ಮಾಡ್ಬೇಕ್ರಿ?"

"ನನ್ನ ಮಗನಿಗಿ ಕೈ ಅವ," ಅಂದೆ.