ಎಡೆಯಲ್ಲಿ ಇಲ್ಲದ ಮಾತ್ರೆ

ಸೋಂಪುರದ ಕಾರ್ಖಾನೆಯಲ್ಲಿ ನನ್ನ ಕೆಲಸ ಅಳೆಯುವುದು. ಬಿಡಿಭಾಗಗಳನ್ನು ವರ್ನಿಯರ್‌ನಲ್ಲಿ ಹಿಡಿದು, ಮಿತಿಯೊಳಗಿದ್ದರೆ ಹಸಿರು ಟ್ರೇಗೆ, ಮೀರಿದ್ದರೆ ಕೆಂಪು ಟ್ರೇಗೆ ಹಾಕುತ್ತೇನೆ. ಹಾಗಾಗಿ ಹೋದ ಬೇಸಿಗೆಯಲ್ಲಿ ನನ್ನ ಸ್ಕ್ಯಾನ್ ವರದಿಯಲ್ಲಿ 4.7 ಸೆಂಟಿಮೀಟರ್ ಎಂದು ಓದಿದಾಗ ಮೊದಲು ಹೊಳೆದದ್ದು, ಮಿತಿ ಎಷ್ಟು ಎಂಬ ಪ್ರಶ್ನೆ.

ಕಂಪನಿಯ ತಪಾಸಣೆಯಲ್ಲಿ ಎದೆಬಡಿತ ಕೇಳಿದ ವೈದ್ಯೆ ಎಕೋ ಮಾಡಿಸಲು ಬರೆದಿದ್ದರು. ಎಕೋ ಆದ ಮೇಲೆ ಸಿಟಿ ಸ್ಕ್ಯಾನ್. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬುಡದಲ್ಲಿ ಊದಿಕೊಂಡಿದೆ, ಅದಕ್ಕೆ ಅನ್ಯೂರಿಸಂ ಅನ್ನುತ್ತಾರೆ ಎಂದು ತಿಳಿಯಿತು. ನನಗೆ ನೋವೂ ಇರಲಿಲ್ಲ, ಸುಸ್ತೂ ಇರಲಿಲ್ಲ.

ಬೆಂಗಳೂರಿನ ತಜ್ಞರ ಬಳಿಗೆ ಅಮ್ಮ, ಅಕ್ಕ ಇಬ್ಬರೂ ಜೊತೆಗೆ ಬಂದರು. ನಾನು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಆದರೆ ಮೊದಲು ಕೇಳಿದ್ದು ತಜ್ಞರೇ.

"ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂಗೆ ತೀರ್ಕೊಂಡಿದ್ದಾರಾ? ತಂದೆ?"

"ಅವ್ರು ಬೈಕ್ ಆಕ್ಸಿಡೆಂಟಲ್ಲಿ ಹೋದ್ರು ಸಾರ್," ಅಂದಳು ಅಮ್ಮ. ಅಕ್ಕ ತಲೆಯಾಡಿಸಿದಳು. ನಾನೂ ಆಡಿಸಿದೆ. ಅಪ್ಪ ತೀರಿಕೊಂಡಾಗ ನಾನು ಹಾಸ್ಟೆಲಿನಲ್ಲಿದ್ದೆ. ನನಗೆ ಊರೆಲ್ಲ ಹೇಳಿದ್ದು ಅದನ್ನೇ.

"ಹಾಗಿದ್ರೆ ಆಪರೇಷನ್‌ಗೆ ಐದೂವರೆ ಸೆಂಟಿಮೀಟರ್ ತನಕ ಕಾಯ್ಬಹುದು."

ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಭಾರ ಎತ್ತುವಂತಿಲ್ಲ, ದಿನಾ ಒಂದು ಮಾತ್ರೆ. ಇನ್ನೂ ಎಂಟು ಮಿಲಿಮೀಟರ್ ಇದೆ ಎಂದು ಡೈರಿಯಲ್ಲಿ ಬರೆದೆ. ಬೆಳಿಗ್ಗೆ ಸಂಜೆ ಬಿಪಿ ಬರೆಯುತ್ತ ಬಂದೆ. ಆ ಎಂಟು ಮಿಲಿಮೀಟರ್ ನಂಬಿಕೊಂಡು ಚೆನ್ನಾಗಿಯೇ ನಿದ್ದೆ ಮಾಡಿದೆ.

ಪಿತೃಪಕ್ಷ ಬಂತು. ಸತ್ತವರಿಗೆ ಎಡೆ ಇಡುವಾಗ ಅವರು ತಿನ್ನುತ್ತಿದ್ದದ್ದು, ಬಳಸುತ್ತಿದ್ದದ್ದು ಎಲ್ಲವೂ ಬಾಳೆಯೆಲೆಯ ಸುತ್ತ ಇರಬೇಕು. ಜೋಡಿಸುವುದು ನನ್ನ ಪಾಲಿನ ಕೆಲಸ. ಮುದ್ದೆ, ಮಟನ್ ಸಾರು, ವಡೆ, ಹೊಸ ಪಂಚೆ, ಬೀಡಿ ಕಟ್ಟು, ಕ್ವಾರ್ಟರ್ ಬಾಟಲಿ. ಕೊನೆಗೆ ಅಮ್ಮ ಒಂದು ಶೀಟು ಮಾತ್ರೆ ತಂದಿಡುತ್ತಿದ್ದಳು. ಅಪ್ಪನ ತಲೆನೋವಿನದು ಅನ್ನುತ್ತಿದ್ದಳು. ಪ್ರತಿ ವರ್ಷ ಇರುತ್ತಿದ್ದದ್ದು ಈ ಸಲ ಇರಲಿಲ್ಲ.

"ಅಮ್ಮಾ, ಅಪ್ಪನ ಮಾತ್ರೆ?"

"ಮರ್ತೋಯ್ತು ಬಿಡಪ್ಪ."

"ಅಂಗಡಿ ತೆಗ್ದಿರುತ್ತೆ, ತರ್ತೀನಿ. ಹೆಸ್ರೇನು?"

"ಸತ್ತೋರಿಗೆ ತಲೆ ನೋಯುತ್ತೇನೋ? ಸುಮ್ನೆ ಸಾಂಬ್ರಾಣಿ ಹಾಕು," ಎಂದು ಅಕ್ಕ ನಗಲು ನೋಡಿದಳು.

ಅಮ್ಮ ನಗಲಿಲ್ಲ. ಅವಳ ಕಣ್ಣು ನನ್ನ ಅಂಗಿಯ ಜೇಬಿನ ಮೇಲಿತ್ತು. ಅದರಲ್ಲಿ ನನ್ನ ಮಾತ್ರೆಯ ಶೀಟಿತ್ತು. ತೆಗೆದು ನೋಡಿದೆ. ಬೆಳ್ಳಿ ಬಣ್ಣದ ಹಾಳೆ, ನೀಲಿ ಅಕ್ಷರ. ದಿನಾ ನುಂಗುತ್ತಿದ್ದರೂ ಗುರುತು ಹತ್ತಿರಲಿಲ್ಲ. ಬೀಡಿ ಕಟ್ಟಿನ ಪಕ್ಕ ಇಟ್ಟ ಮೇಲೆ ಹತ್ತಿತು.

"ಇದೇ ತಾನೆ?"

ಅಮ್ಮ ಗೋಡೆಗೆ ಒರಗಿ ಕುಳಿತು ಹೇಳಿದಳು. ಅಪ್ಪನಿಗೂ ಅದೇ ನಾಳ ಊದಿತ್ತು. ಆಪರೇಷನ್ ಆಗಬೇಕು ಅಂದಿದ್ದರು, ಅಪ್ಪ ಮುಂದೂಡುತ್ತಲೇ ಇದ್ದ. ದೊಡ್ಡಬೆಳವಂಗಲದ ರಸ್ತೆಯಲ್ಲಿ ನಾಳ ಒಡೆದು, ಆಮೇಲೆ ಬೈಕಿನಿಂದ ಬಿದ್ದದ್ದು. ಆಗ ಅಕ್ಕನಿಗೆ ಗಂಡು ಗೊತ್ತಾಗಿತ್ತು. ವಂಶದಲ್ಲಿ ಎದೆಯ ಕಾಯಿಲೆ ಇದೆಯೆಂದರೆ ಸಂಬಂಧ ಮುರಿಯುತ್ತದೆ ಎಂದು ಹೆದರಿ ಆಕ್ಸಿಡೆಂಟ್ ಅಂದರು.

"ಊರಿಗೆ ಹೇಳಿದ್ರಿ, ಸರಿ. ಡಾಕ್ಟ್ರಿಗೆ ಯಾಕಮ್ಮಾ? ನಾನು ಪಕ್ಕದಲ್ಲೇ ಕೂತಿದ್ನಲ್ಲ!"

"ಹೇಳೀ ಹೇಳೀ ಅದೇ ಬಾಯಿಗೆ ಬಂದ್ಬಿಡ್ತು ಕಣಪ್ಪ."

"ನಮ್ಮತ್ತೆ ಮನೇಲಿ ಇವತ್ತಿಗೂ ಗೊತ್ತಿಲ್ಲ ಕಣೋ," ಅಂದಳು ಅಕ್ಕ. "ಅವ್ರ ಬಾಯಿ ನಿಂಗೆ ಗೊತ್ತಲ್ಲ."

ಬಾಯಿಗೆ ಬಂದದ್ದಿರಬಹುದು. ಆದರೆ ಮಾತ್ರೆಯ ಶೀಟು ಎಡೆಯಿಂದ ತಾನಾಗಿ ಎದ್ದು ಹೋಗಿರಲಿಲ್ಲ. ನಾನು ನೋಡಬಾರದೆಂದು ತಿಂಗಳ ಮೇಲೆ ತಿಂಗಳು ಯೋಚಿಸಿದ್ದಾರೆ. ನನಗೆ ಹೇಳಬೇಕೆಂದು ಒಂದು ದಿನವೂ ಅನ್ನಿಸಿಲ್ಲ. ಅಂದು ನಾನು ಎಡೆಯ ಊಟಕ್ಕೆ ಕೂರಲಿಲ್ಲ.

ಮರುದಿನ ಒಬ್ಬನೇ ತಜ್ಞರ ಬಳಿ ಹೋದೆ. ಅಪ್ಪನ ವಿಷಯ ಕೇಳಿ ಅವರು ಪೆನ್ನು ಕೆಳಗಿಟ್ಟರು.

"ಹಾಗಾದ್ರೆ ಐದೂವರೆ ನಿಮ್ಮ ಲೆಕ್ಕ ಅಲ್ಲ. ತಂದೆಗೆ ಒಡೆದಿದೆ ಅಂದ್ರೆ ಆಪರೇಷನ್ ಬಗ್ಗೆ ಈಗ್ಲೇ ಮಾತಾಡ್ಬೇಕು. ಸರ್ಜನ್‌ಗೆ ಬರ್ಕೊಡ್ತೀನಿ. ನಿಮ್ಮ ಅಕ್ಕನಿಗೂ ಸ್ಕ್ಯಾನ್ ಆಗ್ಬೇಕು. ಮೊದ್ಲೇ ಯಾಕ್ರೀ ಹೇಳ್ಲಿಲ್ಲ?"

ಗೊತ್ತಿರಲಿಲ್ಲ ಅಂದೆ. ಅವರು ನಂಬಿದಂತೆ ಕಾಣಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಅಕ್ಕನಿಗೆ ಫೋನ್ ಮಾಡಿ ಸ್ಕ್ಯಾನ್‌ಗೆ ಬಾ ಅಂದೆ.

"ಬರಲ್ಲ ಅಂತಲ್ಲ ಕಣೋ. ಇಲ್ಲಿ ಅತ್ತೆಗೆ ಏನಂತ ಹೇಳಿ ಬರ್ಲಿ?"

ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡು ಓದಿದೆ.

"ನಂಗೆ ಹೆಣ್ಣು ನೋಡೋಕೆ ಹೋಗ್ತಿದೀವಿ ಅನ್ನು. ಅರಿಶಿನಕುಂಟೆಗೆ," ಅಂದೆ.

"ಪಿತೃಪಕ್ಷದಲ್ಲಿ ಯಾರಾದ್ರೂ ಹೆಣ್ಣು ನೋಡ್ತಾರೇನೋ? ಅಮಾವಾಸ್ಯೆ ಕಳೀಲಿ."

ಹಾಗೆ ಆ ಸುಳ್ಳಿಗೂ ಒಳ್ಳೆಯ ದಿನಕ್ಕಾಗಿ ಕಾದೆವು. ಅಮಾವಾಸ್ಯೆಯ ನಂತರದ ವಾರ ಎಕೋ ಕೊಠಡಿಯ ಮುಂದೆ ಅಕ್ಕ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕುಳಿತಿದ್ದಳು. ನನ್ನನ್ನು ಕಂಡು ಪಕ್ಕದ ಕುರ್ಚಿಯಿಂದ ಬ್ಯಾಗು ತೆಗೆದಳು. ನಾನು ಒಂದು ಕುರ್ಚಿ ಬಿಟ್ಟು ಕುಳಿತೆ.