ಹದವಾದ ಸಾರು

ವಾರ್ಡಿನ ಗೋಡೆಯ ಬಣ್ಣ, ಯಾವ ತಿಂಗಳು, ಇವನ್ನೆಲ್ಲ ನಾನು ತಪ್ಪಾಗಿ ನೆನೆಯುತ್ತಿರಬಹುದು. ಸಾರಿನ ವಿಷಯ ಮಾತ್ರ ತಪ್ಪಿಲ್ಲ ಎಂದುಕೊಂಡಿದ್ದೇನೆ. ಮೂತ್ರಪಿಂಡ ಕೆಟ್ಟು ಅಪ್ಪನ ಮೈಯೆಲ್ಲ ಊದಿತ್ತು. ಉಪ್ಪು ಕೊಡಲೇಬಾರದೆಂದು ಡಾಕ್ಟರು ಹೇಳಿದ್ದರು. ಆದರೂ ಮೈಸೂರಿನ ಆ ಆಸ್ಪತ್ರೆಯಲ್ಲಿ ರೋಗಿಗಳಿಗೆಲ್ಲ ಒಂದೇ ಸಾರು. ನಾನು ತಕರಾರು ತೆಗೆದರೆ ನರ್ಸು, "ನಿಮ್ಮೊಬ್ಬರಿಗೇ ಬೇರೆ ಒಲೆ ಹಚ್ಚೋಕಾಗಲ್ಲ ಕಣ್ರೀ" ಎಂದು ಸಿಡುಕಿದಳು.

ಆರೈಕೆ ಹೇಗಿದೆಯೆಂದು ಪರೀಕ್ಷಿಸಲು ಒಬ್ಬ ಅಧಿಕಾರಿ ಬಂದ. ಅಪ್ಪನ ಮಂಚದ ಪಕ್ಕದಲ್ಲೇ ನಿಂತು ಆ ಸಾರನ್ನು ಒಂದು ಚಮಚ ಕುಡಿದು, "ಉಪ್ಪು, ಹುಳಿ ಹದವಾಗಿದೆ" ಎಂದು ಮೆಚ್ಚಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಕೈಮುಗಿದು, "ಮನೇಲೂ ಇಂಗೆ ನೋಡ್ಕಳಲ್ಲ ಬುದ್ಧಿ" ಎಂದುಬಿಟ್ಟರು. ಅಧಿಕಾರಿ ಮುಂದೆ ಹೋದ.

ಆ ವಾರವೇ ಅಪ್ಪ ತೀರಿಕೊಂಡರು. ತಿಥಿಯ ದಿನ ಚಿಕ್ಕಪ್ಪನನ್ನು ಕೇಳಿದೆ: "ಯಾರನ್ನ ಮೆಚ್ಚಿಸೋಕೆ ಹಾಗಂದ್ರಿ?"